ಸಪೋರ್ಟ್ ನಿಲ್ಲಿಸೋ ದಿನ ಬೂಟ್‌ಲೋಡರ್ ಬೀಗಾನೂ ತೆಗೀರಿ: ಫೋನ್, ರೌಟರ್, ಗ್ಯಾಜೆಟ್ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಫೋನು, ಟ್ಯಾಬ್ಲೆಟ್ಟು, ವೈಫೈ ರೌಟರ್ರು, ಸ್ಮಾರ್ಟ್ ವಾಚು, ಸ್ಪೀಕರ್ರು, ಹೀಗೆ ಒಳಗೊಂದು ಕಂಪ್ಯೂಟರ್ ಇರೋ ಯಾವ ಸಾಮಾನು ಮಾಡಿ ಮಾರ್ತಿದ್ರೂ ಸರಿ, ಈ ಪತ್ರ ನಿಮಗೇ. ಕೇಳ್ತಿರೋದು ಒಂದೇ. ಯಾವ ಮಾಡೆಲ್‌ಗೆ ಇನ್ಮೇಲೆ ಅಪ್‌ಡೇಟ್ ಕೊಡಲ್ಲ ಅಂತ ತೀರ್ಮಾನ ಮಾಡ್ತೀರೋ, ಆ ಮಾಡೆಲ್‌ನ ಬೂಟ್‌ಲೋಡರ್ ಬೀಗಾನ, ಅಂದ್ರೆ ಆನ್ ಆಗುವಾಗ ನಿಮ್ಮ ಸಾಫ್ಟ್‌ವೇರ್ ಬಿಟ್ಟು ಬೇರೆ ಯಾವ್ದೂ ಓಡದ ಹಾಗೆ ತಡೆಯೋ ಬೀಗಾನ, ಅವತ್ತೇ ತೆಗೆದುಬಿಡಿ. ಕೊನೇದಾಗಿ ಒಂದು ಅಪ್‌ಡೇಟ್ ಕಳಿಸ್ತೀರಲ್ಲ, ಅದರಲ್ಲೇ ಅನ್‌ಲಾಕ್ ಮಾಡ್ಕೊಳ್ಳೋ ಆಪ್ಶನ್ ಇಟ್ಟು ಕಳಿಸಿ. ಹತ್ತು ಹದಿನೈದು ವರ್ಷ ಪುಕ್ಕಟೆ ಅಪ್‌ಡೇಟ್ ಕೊಡ್ತಾ ಕೂತ್ಕೊಳ್ಳಿ ಅಂತ ನಾವ್ಯಾರೂ ಕೇಳ್ತಿಲ್ಲ, ಅದಕ್ಕೆ ಎಂಜಿನಿಯರ್‌ಗಳು ಬೇಕು, ಟೆಸ್ಟಿಂಗ್ ಬೇಕು, ಎಷ್ಟೋ ಸಲ ಚಿಪ್ ಮಾಡಿದವರೇ ನಿಮಗಿಂತ ಮೊದಲು ಕೈ ಬಿಟ್ಟಿರ್ತಾರೆ, ಇದೆಲ್ಲಾ ನಮಗೂ ಗೊತ್ತು. ಕೈ ಬಿಡೋದಾದ್ರೆ ಬಿಡಿ, ಆದ್ರೆ ಪೂರ್ತಿ ಬಿಡಿ.

ನಾವು ಅಂದ್ರೆ ಯಾರು ಅಂತ ಹೇಳ್ಬಿಡ್ತೀನಿ. ಹಳೇ ಫೋನಿಗೆ ಕಸ್ಟಮ್ ರಾಮ್ (ಕಂಪನಿದಲ್ಲದ, ಆಸಕ್ತರೇ ಮಾಡಿದ ಓಎಸ್) ಹಾಕೋರು, ರೌಟರ್‌ಗೆ ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಲಿನಕ್ಸ್ ಆಧಾರದ ಓಎಸ್ ಹಾಕೋರು, ಯಾರೋ ಬೇಡ ಅಂತ ಬಿಟ್ಟ ಲ್ಯಾಪ್‌ಟಾಪಲ್ಲಿ ಲಿನಕ್ಸ್ ಓಡಿಸಿ ಮಕ್ಕಳ ಕೈಗೆ ಕೊಡೋರು, ರಾತ್ರಿಯೆಲ್ಲಾ ಕೂತು ಓಎಸ್‌ನ ತಿರುಳಾದ ಕರ್ನಲ್‌ನ ಕಂಪೈಲ್ ಮಾಡಿ ಬೆಳಗ್ಗೆ ಎದ್ದು ತಮ್ಮ ತಮ್ಮ ಕೆಲಸಕ್ಕೆ ಹೋಗೋರು. ಇದರಿಂದ ನಮಗೆ ದುಡ್ಡೇನೂ ಬರಲ್ಲ. ನೀವು ಮಾಡಿದ ಹಾರ್ಡ್‌ವೇರ್ ಮೇಲೆ ನಿಮಗಿಂತ ಹೆಚ್ಚು ಪ್ರೀತಿ ಇಟ್ಕೊಂಡಿರೋ ಜನ ಅಂದ್ರೆ ತಪ್ಪಾಗಲ್ಲ.

ನನ್ನತ್ರ ಒಂದು ಟ್ಯಾಬ್ಲೆಟ್ ಇದೆ, ಯಾವ ಕಂಪನಿದು ಅನ್ನೋದು ಬೇಡ. ಸ್ಕ್ರೀನ್ ಮೇಲೆ ಒಂದು ಗೀರಿಲ್ಲ, ಬ್ಯಾಟರಿ ಈಗ್ಲೂ ಚೆನ್ನಾಗೇ ನಿಲ್ಲತ್ತೆ, ಸ್ಪೀಕರ್ ಅಂತೂ ಇವತ್ತಿನ ಎಷ್ಟೋ ಟ್ಯಾಬ್ಲೆಟ್‌ಗಳಿಗಿಂತ ಜೋರು. ಆದ್ರೆ ಸಾಫ್ಟ್‌ವೇರ್ ನಿಂತ ಮೇಲೆ ಆ್ಯಪ್‌ಗಳು ಒಂದೊಂದಾಗಿ ಈ ಡಿವೈಸ್‌ಗೆ ಆಗಲ್ಲ ಅಂತ ಹೇಳೋಕೆ ಶುರು ಮಾಡಿದ್ವು, ಆಮೇಲೆ ಬ್ರೌಸರ್ರೇ ಹಳೇದಾಗಿ ಸೈಟ್‌ಗಳು ಅರ್ಧಂಬರ್ಧ ತೆರೆಯೋಕೆ ಶುರುವಾಯ್ತು, ಕೊನೆಗೆ ಎಲ್ಲಿ ಹೋದ್ರೂ ಸರ್ಟಿಫಿಕೇಟ್ ಎರರ್. ಈ ಸರ್ಟಿಫಿಕೇಟ್ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಹಾರ್ಡ್‌ವೇರ್ ಗಟ್ಟಿಮುಟ್ಟಾಗಿದ್ರೂ ಡಿವೈಸ್ ಹೆಂಗೆ ಸಾಯತ್ತೆ ಅನ್ನೋದು ಇದರಲ್ಲಿ ಚೆನ್ನಾಗಿ ಕಾಣತ್ತೆ. ಒಂದು ಸೈಟ್ ಅಸಲಿನಾ ಅಂತ ನೋಡೋಕೆ ಬೇಕಾದ ರೂಟ್ ಸರ್ಟಿಫಿಕೇಟ್‌ಗಳ ಪಟ್ಟಿ ಹಳೇ ಆಂಡ್ರಾಯ್ಡ್‌ಗಳಲ್ಲಿ ಸಿಸ್ಟಮ್ ಒಳಗೇ ಕೂತಿರತ್ತೆ, ಸಿಸ್ಟಮ್ ಅಪ್‌ಡೇಟ್ ಬರದೆ ಆ ಪಟ್ಟಿ ಬದಲಾಗಲ್ಲ. ಸೈಟ್‌ಗಳಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡೋ ಲೆಟ್ಸ್ ಎನ್‌ಕ್ರಿಪ್ಟ್‌ನವರು ಆಸರೆಗೆ ಇಟ್ಕೊಂಡಿದ್ದ ಹಳೇ ರೂಟ್ 2021ರ ಸೆಪ್ಟೆಂಬರ್ 30ಕ್ಕೆ ಎಕ್ಸ್‌ಪೈರ್ ಆಯ್ತು, ಆಂಡ್ರಾಯ್ಡ್ 7.1.1ಕ್ಕಿಂತ ಹಳೇ ಫೋನ್‌ಗಳಿಗೆ ಅವರ ಹೊಸ ರೂಟ್ ಪರಿಚಯಾನೇ ಇರ್ಲಿಲ್ಲ. ಪಟ್ಟಿಲಿರೋ ರೂಟ್‌ನ ಅವಧಿ ಮುಗಿದಿದ್ಯಾ ಅಂತ ಆಂಡ್ರಾಯ್ಡ್ ನೋಡಲ್ಲ ಅನ್ನೋದನ್ನೇ ಬಳಸ್ಕೊಂಡು, ಹಳೇ ರೂಟ್‌ನ ಕೀ ಇಂದ ತಮ್ಮ ಹೊಸ ರೂಟ್‌ಗೂ ಸಹಿ (ಕ್ರಾಸ್ ಸೈನ್) ಹಾಕಿಸ್ಕೊಂಡು, ಅವರು ಆ ಫೋನ್‌ಗಳನ್ನ 2024ರ ತನಕ ವೆಬ್‌ನಲ್ಲಿ ಉಳಿಸಿದ್ರು. ಲಾಭ ಮಾಡದ ಒಂದು ಸಂಸ್ಥೆ, ನೀವು ಮಾರಿ ಮರೆತ ಫೋನ್‌ಗಳಿಗೋಸ್ಕರ ಇಷ್ಟು ತಲೆ ಕೆಡಿಸ್ಕೊಂಡಿತ್ತು. ಬೂಟ್‌ಲೋಡರ್ ತೆರೆದಿದ್ದಿದ್ರೆ ಹೊಸ ಪಟ್ಟಿ ಇರೋ ಹೊಸ ರಾಮನ್ನೇ ಹಾಕ್ಕೊಂಡು ಜನ ಮುಂದೆ ಹೋಗ್ತಿದ್ರು.

ಈ ಬೀಗ ಎಲ್ಲಿರತ್ತೆ ಅಂತ ನಿಮಗೆ ಹೇಳ್ಬೇಕಿಲ್ಲ, ಆದ್ರೆ ಈ ಪತ್ರ ಬಹಿರಂಗವಾಗಿರೋದ್ರಿಂದ ಬೇರೆಯವರಿಗೂ ಗೊತ್ತಾಗ್ಲಿ. ಫೋನ್ ಆನ್ ಮಾಡಿದ ತಕ್ಷಣ ಓಡೋದು ಚಿಪ್ ಒಳಗೇ ಅಚ್ಚಾಗಿರೋ ಒಂದು ಪುಟ್ಟ ಕೋಡು, ಅದನ್ನ ಯಾರೂ ಬದಲಾಯ್ಸೋಕಾಗಲ್ಲ. ಅದು ಮುಂದಿನ ಹಂತದ ಬೂಟ್‌ಲೋಡರ್ ಮೇಲೆ ಕಂಪನಿ ಸಹಿ ಇದ್ಯಾ ಅಂತ ನೋಡತ್ತೆ, ಆ ಸಹಿ ಹೋಲಿಸೋಕೆ ಬೇಕಾದ ಕೀ ಗುರುತು ಚಿಪ್‌ನ ಇ-ಫ್ಯೂಸ್‌ಗಳಲ್ಲಿ ಫ್ಯಾಕ್ಟರೀಲೇ ಸುಟ್ಟು ಬರೆದಿರ್ತಾರೆ, ಒಂದು ಸಲ ಬರೆದ್ರೆ ಅಳಿಸೋಕಿಲ್ಲ. ಬೂಟ್‌ಲೋಡರ್ ಕರ್ನಲ್‌ನ ಪರೀಕ್ಷೆ ಮಾಡತ್ತೆ, ಕರ್ನಲ್ ಸಿಸ್ಟಮ್ ಪಾರ್ಟಿಶನ್‌ನ ಬ್ಲಾಕ್ ಬ್ಲಾಕಾಗಿ ಪರೀಕ್ಷೆ ಮಾಡತ್ತೆ. ಈ ವ್ಯವಸ್ಥೆ ಒಳ್ಳೇದು, ನಾನು ಇದರ ವಿರುದ್ಧ ಇಲ್ಲ. ಬೇರೆಯವರ ಕೈಗೆ ಸ್ವಲ್ಪ ಹೊತ್ತು ಸಿಕ್ಕ ಫೋನಲ್ಲಿ ಏನಾದ್ರೂ ತುರುಕಿ ಗೊತ್ತಾಗದ ಹಾಗೆ ವಾಪಸ್ ಇಡೋದನ್ನ ತಡೆಯೋದೇ ಇದು. ಆದ್ರೆ ಸಹಿ ಹಾಕೋ ಕೀ ನಿಮ್ಮತ್ರ ಮಾತ್ರ ಇದೆ, ನೀವು ಸಹಿ ಹಾಕೋದನ್ನೇ ನಿಲ್ಲಿಸಿದೀರಿ ಅಂದ್ಮೇಲೆ ಆ ಬೀಗ ಕಾಯ್ತಿರೋದು ಏನನ್ನ? ಒಳಗೆ ಉಳಿದಿರೋದು ಎಲ್ಲರಿಗೂ ಗೊತ್ತಿರೋ ತೂತುಗಳಿರೋ ಹಳೇ ಸಿಸ್ಟಮ್ಮು, ಬೀಗ ಅದನ್ನೇ ಭದ್ರವಾಗಿ ಹಿಡಿದಿಟ್ಟಿದೆ, ಸರಿ ಮಾಡಿರೋ ಸಿಸ್ಟಮ್ ಒಳಗೆ ಬರದ ಹಾಗೆ ನೋಡ್ಕೊಳ್ತಿದೆ.

ಸೆಕ್ಯುರಿಟಿನೂ ಇರ್ಬೇಕು, ಮಾಲೀಕರ ಹಕ್ಕೂ ಇರ್ಬೇಕು ಅಂದ್ರೆ ಆಗಲ್ಲ ಅಂತ ನಿಮ್ಮಲ್ಲಿ ಕೆಲವರು ಹೇಳ್ತೀರಿ. ಆಗತ್ತೆ, ಮಾಡಿ ತೋರಿಸಿರೋ ಫೋನ್‌ಗಳು ಮಾರ್ಕೆಟ್‌ನಲ್ಲೇ ಇವೆ. ಗೂಗಲ್‌ನ ಪಿಕ್ಸೆಲ್ ಫೋನ್ ತಗೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಶನ್ಸ್ ತೆರೀಬೇಕು, ಅಲ್ಲಿ ಒಇಎಂ ಅನ್‌ಲಾಕಿಂಗ್ (ಬೀಗ ತೆಗೆಯೋಕೆ ಒಪ್ಪಿಗೆ) ಆನ್ ಮಾಡ್ಬೇಕು, ಅದಕ್ಕೆ ಫೋನಿನ ಪಿನ್ ಕೇಳತ್ತೆ, ಆಮೇಲೆ ಫಾಸ್ಟ್‌ಬೂಟ್ ಅನ್ನೋ ಬೂಟ್‌ಲೋಡರ್ ಮೋಡ್‌ಗೆ ಹೋಗಿ ಕಂಪ್ಯೂಟರ್‌ನಿಂದ ಕಮಾಂಡ್ ಕೊಡ್ಬೇಕು, ಆಗ ಫೋನ್ ಮೇಲೇ ದೊಡ್ಡದಾಗಿ ಎಚ್ಚರಿಕೆ ಬರತ್ತೆ, ವಾಲ್ಯೂಮ್ ಬಟನ್ನಲ್ಲಿ ಆರಿಸಿ ಪವರ್ ಬಟನ್ ಒತ್ತಿದ್ರೆ ಮಾತ್ರ ತೆರೆಯತ್ತೆ, ತೆರೆಯುವಾಗ ಒಳಗಿದ್ದ ಡೇಟಾ ಎಲ್ಲಾ ಅಳಿಸಿಹೋಗತ್ತೆ. ಕಳ್ಳನಿಗೆ ಫೋನ್ ಸಿಕ್ಕಿದ್ರೂ ಫೋಟೋ ಸಿಗಲ್ಲ, ಮೆಸೇಜ್ ಸಿಗಲ್ಲ. ಗ್ರಾಫೀನ್‌ಓಎಸ್ ಅನ್ನೋ ಕಸ್ಟಮ್ ರಾಮ್ ಹಾಕೋರು ಇಲ್ಲಿಗೂ ನಿಲ್ಲಲ್ಲ, ತಮ್ಮ ಓಎಸ್‌ನ ಕೀ ಫೋನಿಗೆ ಸೇರಿಸಿ ಬೂಟ್‌ಲೋಡರ್‌ನ ಮತ್ತೆ ಲಾಕ್ ಮಾಡ್ತಾರೆ, ಆಮೇಲೆ ಮೇಲೆ ಹೇಳಿದ ಅದೇ ಪರೀಕ್ಷೆಗಳ ಸರಪಳಿ ಹೊಸ ಓಎಸ್‌ನ ಕಾಯತ್ತೆ. ಫೋನ್ ಆನ್ ಆಗುವಾಗ ಹಳದಿ ಬಣ್ಣದ ಒಂದು ನೋಟೀಸ್ ಬರತ್ತೆ, ಬೇರೆ ಓಎಸ್ ಇದೆ ಅಂತ. ಮಾಲೀಕರಿಗೆ ಗೊತ್ತಾಗ್ಬೇಕಾದ್ದೂ ಅಷ್ಟೇ. ಈ ಹಾದಿ ಆಂಡ್ರಾಯ್ಡ್ ವೆರಿಫೈಡ್ ಬೂಟ್ ಅನ್ನೋ ಆ ಪರೀಕ್ಷೆ ವ್ಯವಸ್ಥೆಯ ವಿವರಣೆಯಲ್ಲೇ ಇದೆ, ನೀವು ಹೊಸದಾಗಿ ಏನೂ ಕಂಡುಹಿಡೀಬೇಕಿಲ್ಲ.

ಇನ್ನು ಅನ್‌ಲಾಕ್ ಕೋಡ್ ಬೇಕು, ಅದಕ್ಕೆ ನಮ್ಮ ಸೈಟ್‌ಗೆ ಬಂದು ಅಕೌಂಟ್ ಮಾಡಿ ಅರ್ಜಿ ಹಾಕಿ ಅನ್ನೋ ಪದ್ಧತಿ ಇಟ್ಕೊಂಡಿರೋ ಕಂಪನಿಯವರಿಗೆ ಒಂದು ಮಾತು. ಆ ಸರ್ವರ್ ಎಷ್ಟು ದಿನ ಇರತ್ತೆ? ಹುವಾವೇ 2018ರಲ್ಲಿ ಕೋಡ್ ಕೊಡೋದನ್ನ ನಿಲ್ಲಿಸ್ತು. ಎಲ್‌ಜಿ 2021ರ ಏಪ್ರಿಲ್‌ನಲ್ಲಿ ಫೋನ್ ವ್ಯಾಪಾರನೇ ಬಿಡ್ತೀವಿ ಅಂತು, ಅದೇ ವರ್ಷದ ಡಿಸೆಂಬರ್ 31ಕ್ಕೆ ಅನ್‌ಲಾಕ್ ಸೈಟನ್ನೂ ಮುಚ್ತು. ಅಷ್ಟರೊಳಗೆ ಕೋಡ್ ತಗೊಂಡವರು ತಗೊಂಡ್ರು, ಆಮೇಲೆ ಯಾರ ಕೈಗೆ ಆ ಫೋನ್ ಸೆಕೆಂಡ್ ಹ್ಯಾಂಡ್ ಆಗಿ ಹೋಯ್ತೋ ಅವರಿಗೆ ಕಂಪನಿ ಕಡೆಯಿಂದ ಬೀಗ ತೆಗೆಯೋ ದಾರಿ ಇಲ್ಲವೇ ಇಲ್ಲ. ಮನೆ ಮಾರಿ, ಬೀಗದ ಕೈ ಮಾತ್ರ ತಮ್ಮತ್ರ ಇಟ್ಕೊಂಡು ಊರು ಬಿಟ್ಟು ಹೋದ ಹಾಗಾಯ್ತು ಇದು. ಆದ್ದರಿಂದ ಅನ್‌ಲಾಕ್ ಅನ್ನೋದು ಯಾವ ಸರ್ವರನ್ನೂ ಕೇಳದೆ, ಇಂಟರ್ನೆಟ್ ಇಲ್ದೇನೂ, ಫೋನ್ ಒಳಗೇ ಆಗೋ ಹಾಗಿರ್ಬೇಕು. ಇದು ಬಹಳ ಮುಖ್ಯ, ಸಪೋರ್ಟ್ ಮುಗಿದ ಸಾಮಾನಿಗೆ ಸರ್ವರ್ ಕಾಯ್ಕೊಂಡಿರತ್ತೆ ಅಂತ ನಂಬೋಕೆ ಯಾವ ಕಾರಣಾನೂ ಇಲ್ಲ.

ಈಗ ಬೀಗ ತೆಗೆದ್ರೆ ಏನಾಗತ್ತೆ ಅನ್ನೋದಕ್ಕೆ ಬರ್ತೀನಿ, ಇದಕ್ಕೆ ರೌಟರ್‌ಗಳ ಕಥೆಗಿಂತ ಒಳ್ಳೇ ಸಾಕ್ಷಿ ನನಗೆ ಗೊತ್ತಿಲ್ಲ. 2002ರ ಕೊನೇಲಿ ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ಅನ್ನೋ ನೀಲಿ ಕಪ್ಪು ಬಣ್ಣದ ರೌಟರ್ ಬಂತು. ಮುಂದಿನ ವರ್ಷ ಕೆಲವರು ಅದರ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಬಿಚ್ಚಿ ನೋಡಿದ್ರೆ ಒಳಗೆ ಲಿನಕ್ಸ್! ಲಿನಕ್ಸ್ ಇರೋದು ಜಿಪಿಎಲ್ ಲೈಸೆನ್ಸ್ ಕೆಳಗೆ, ಅದನ್ನ ಹಾಕಿ ಸಾಮಾನು ಮಾರಿದ್ರೆ ಸೋರ್ಸ್ ಕೋಡ್ ಕೊಡ್ಲೇಬೇಕು, ಹಂಗಾಗಿ ಗಲಾಟೆ ಆಗಿ 2003ರಲ್ಲಿ ಕಂಪನಿ ಸೋರ್ಸ್ ಬಿಡ್ತು. ಅಲ್ಲಿಂದ 2004ರಲ್ಲಿ ಓಪನ್‌ಡಬ್ಲ್ಯೂಆರ್‌ಟಿ ಹುಟ್ಟಿತು, ಅದರ ಅಕ್ಕಪಕ್ಕದಲ್ಲೇ ಡಿಡಿ-ಡಬ್ಲ್ಯೂಆರ್‌ಟಿ, ಟೊಮ್ಯಾಟೊ ಅನ್ನೋ ಅಂಥದ್ದೇ ಫರ್ಮ್‌ವೇರ್‌ಗಳೆಲ್ಲಾ ಬಂದ್ವು. ಆಮೇಲೆ 2005ರಲ್ಲಿ ಕಂಪನಿ ಐದನೇ ವರ್ಷನ್‌ನಲ್ಲಿ ಲಿನಕ್ಸ್ ತೆಗೆದು ವಿಎಕ್ಸ್‌ವರ್ಕ್ಸ್ ಅನ್ನೋ ಬೇರೆ ಓಎಸ್ ಹಾಕ್ತು, ಮೆಮೊರಿನೂ ಅರ್ಧ ಮಾಡ್ತು. ಜನ ಬಿಡ್ಲಿಲ್ಲ, ಹಳೇದೇ ಬೇಕು ಅಂದ್ರು. ಕೊನೆಗೆ ಲಿನಕ್ಸ್ ಇರೋ ಹಳೇ ಹಾರ್ಡ್‌ವೇರನ್ನೇ ಡಬ್ಲ್ಯೂಆರ್‌ಟಿ54ಜಿಎಲ್ ಅಂತ ಬೇರೆ ಹೆಸರಲ್ಲಿ ಮಾರೋಕೆ ಇಟ್ರು, ಅದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾರಾಟ ಆಯ್ತು. ಇಷ್ಟು ವೇಗವಾಗಿ ಬದಲಾಗೋ ವೈಫೈ ಲೋಕದಲ್ಲಿ 2005ರ ರೌಟರ್ ಒಂದು ಅಷ್ಟು ವರ್ಷ ಮಾರಾಟ ಆಗೋಕೆ ಅದರ ಸ್ಪೀಡ್ ಕಾರಣ ಅಲ್ಲ, ಬೇಕಾದ್ದು ಹಾಕ್ಕೊಳ್ಳಬಹುದು ಅನ್ನೋದೇ ಕಾರಣ.

ಅಷ್ಟಕ್ಕೇ ನಿಂತಿದ್ರೆ ಇದು ನಮ್ಮ ಹವ್ಯಾಸದ ಕಥೆ ಅಂತ ನೀವು ಪಕ್ಕಕ್ಕೆ ಇಡಬಹುದಿತ್ತು. ಒಬ್ಬರು ದೊಡ್ಡ ಫೈಲ್ ಅಪ್‌ಲೋಡ್ ಮಾಡ್ತಿದ್ರೆ ಇನ್ನೊಬ್ಬರ ವೀಡಿಯೋ ಕಾಲ್ ತಡವರಿಸತ್ತಲ್ಲ, ಬಫರ್‌ಬ್ಲೋಟ್ ಅಂತಾರೆ, ರೌಟರ್ ಒಳಗಿನ ಕ್ಯೂ ಅತಿ ಉದ್ದ ಆಗಿ ಪ್ಯಾಕೆಟ್‌ಗಳು ಕಾಯ್ತಾ ನಿಲ್ಲೋದು. ಇದನ್ನ ಸರಿ ಮಾಡೋಕೆ ಡೇವ್ ಟಾಟ್, ಜಿಮ್ ಗೆಟ್ಟಿಸ್ ಥರದ ಎಂಜಿನಿಯರ್‌ಗಳು ಮಾಡಿದ ಪ್ರಯೋಗಗಳು ನಡೆದಿದ್ದು ಅಂಗಡೀಲಿ ಸಿಗೋ ನೆಟ್‌ಗೇರ್ ರೌಟರ್‌ಗಳ ಮೇಲೆ, ಓಪನ್‌ಡಬ್ಲ್ಯೂಆರ್‌ಟಿ ಆಧಾರದ ಸೆರೋಡಬ್ಲ್ಯೂಆರ್‌ಟಿ ಹಾಕಿ. ಆ ಸುತ್ತಿನ ಕೆಲಸದಿಂದ ಬಂದ ಎಫ್‌ಕ್ಯೂ-ಕೋಡೆಲ್ ಅನ್ನೋ ಕ್ಯೂ ನಿಭಾಯಿಸೋ ವಿಧಾನ 2012ರಲ್ಲಿ ಲಿನಕ್ಸ್ 3.5ಕ್ಕೆ ಸೇರ್ತು, ಇವತ್ತು ಹೆಚ್ಚಿನ ಲಿನಕ್ಸ್ ಡಿಸ್ಟ್ರೋಗಳಲ್ಲಿ ಅದು ಡೀಫಾಲ್ಟ್. ನಿಮ್ಮಲ್ಲೇ ಕೆಲವರು ಹೊಸ ರೌಟರ್‌ಗಳಲ್ಲಿ ಅದನ್ನ ಹಾಕಿ ಮಾರ್ತಿದೀರಿ, ಮಾರಿ, ಸಂತೋಷ. ತೆರೆದ ಹಾರ್ಡ್‌ವೇರ್ ಜನರ ಕೈಲಿ ಇದ್ದಿದ್ರಿಂದ ಅದು ಸಾಧ್ಯ ಆಯ್ತು ಅನ್ನೋದು ನೆನಪಿರ್ಲಿ.

ಯಾರೂ ನೋಡ್ಕೊಳ್ಳದೆ ಬಿಟ್ಟ ಡಿವೈಸ್‌ಗಳಿಂದ ಏನಾಗತ್ತೆ ಅನ್ನೋದೂ ಎಲ್ಲರಿಗೂ ಗೊತ್ತು. 2016ರಲ್ಲಿ ಮಿರಾಯ್ ಅನ್ನೋ ಬಾಟ್‌ನೆಟ್ (ಕದ್ದು ವಶ ಮಾಡ್ಕೊಂಡ ಡಿವೈಸ್‌ಗಳ ದಂಡು) ಫ್ಯಾಕ್ಟರಿ ಪಾಸ್‌ವರ್ಡ್ ಬದಲಾಗದೆ ಉಳಿದಿದ್ದ ರೌಟರ್ರು, ಕ್ಯಾಮೆರಾ, ಡಿವಿಆರ್‌ಗಳಿಗೆ ನುಗ್ಗಿ, ಆ ಅಕ್ಟೋಬರ್ 21ಕ್ಕೆ ಸೈಟ್‌ಗಳ ವಿಳಾಸ ಹುಡುಕಿಕೊಡೋ (ಡಿಎನ್‌ಎಸ್) ಡೈನ್ ಅನ್ನೋ ಕಂಪನಿ ಮೇಲೆ ಮುಗಿಬಿದ್ದು ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ಸೈಟ್‌ಗಳೇ ಅಮೆರಿಕದಲ್ಲಿ ಗಂಟೆಗಟ್ಲೆ ಸಿಗದ ಹಾಗೆ ಮಾಡಿತ್ತು. ಅಪ್‌ಡೇಟ್ ನಿಂತ ಡಿವೈಸ್ ಅದರ ಮಾಲೀಕರ ಒಬ್ಬರ ತಲೆನೋವಲ್ಲ, ನೆಟ್‌ನಲ್ಲಿರೋ ಎಲ್ಲರದ್ದೂ.

ಫೋನ್‌ಗಳ ಕಡೆ ಬಂದ್ರೆ ಕಸ್ಟಮ್ ರಾಮ್ ನೋಡ್ಕೊಳ್ಳೋ ನಮ್ಮ ಮೇಂಟೇನರ್‌ಗಳು ಪಡೋ ಪಾಡು ನಿಮ್ಮ ಮ್ಯಾನೇಜರ್‌ಗಳು ಯಾರೂ ನೋಡಿರಲಿಕ್ಕಿಲ್ಲ. ಒಂದು ಫೋನಿಗೆ ಲಿನೇಜ್‌ಓಎಸ್ ಅನ್ನೋ ಕಸ್ಟಮ್ ರಾಮ್ ತರ್ಬೇಕು ಅಂದ್ರೆ ಮೊದಲು ನೀವು ಕೊಟ್ಟ ಕರ್ನಲ್ ಸೋರ್ಸ್ ತೆರೀಬೇಕು. ಒಂದೇ ಒಂದು ಜಿಪ್ ಫೈಲ್, ಹಿಸ್ಟರಿ ಇಲ್ಲ, ಯಾವ ಬದಲಾವಣೆ ಯಾಕೆ ಮಾಡಿದ್ರು ಅಂತ ಒಂದು ಸಾಲಿಲ್ಲ. ಕಂಪೈಲ್ ಮಾಡಿದ್ರೆ ಯಾವ್ದೋ ಹೆಡರ್ ಫೈಲ್ ಸಿಗ್ತಿಲ್ಲ ಅಂತ ನಿಲ್ಲತ್ತೆ, ಅದನ್ನ ಅದೇ ಚಿಪ್ ಇರೋ ಬೇರೆ ಫೋನ್‌ನ ಸೋರ್ಸಿಂದ ತಂದು ಅಂಟಿಸಿದ್ರೆ ಟಚ್‌ಸ್ಕ್ರೀನ್ ಡ್ರೈವರ್ ಇಲ್ಲ. ಅದೂ ಆದ್ಮೇಲೆ ಕ್ಯಾಮೆರಾ, ಫಿಂಗರ್‌ಪ್ರಿಂಟ್, ಜಿಪಿಎಸ್‌ಗೆ ಬೇಕಾದ ಬ್ಲಾಬ್‌ಗಳನ್ನ (ಸೋರ್ಸ್ ಕೊಡದ ಸಿದ್ಧ ಫೈಲ್‌ಗಳನ್ನ) ಫೋನಿಂದಲೇ ಎಳ್ಕೊಂಡು ಹೊಸ ಆಂಡ್ರಾಯ್ಡ್ ಜೊತೆ ಹೊಂದಿಸ್ಬೇಕು, ಹಳೇ ಆಂಡ್ರಾಯ್ಡ್‌ಗೆ ಅಂತ ಮಾಡಿದ ಲೈಬ್ರರಿ ಹೊಸದ್ರಲ್ಲಿ ಯಾವ್ದೋ ಫಂಕ್ಷನ್ ಹುಡುಕಿ ಸಿಗದೆ ಬಿದ್ದುಹೋಗತ್ತೆ, ಆಗ ಮಧ್ಯದಲ್ಲಿ ಎರಡನ್ನೂ ಹೊಂದಿಸೋ ಒಂದು ಪುಟ್ಟ ಕೋಡು (ಶಿಮ್) ಬರೆದು ಕೂರಿಸ್ಬೇಕು. ವೋಲ್ಟಿ (4ಜಿ ಮೂಲಕ ಹೋಗೋ) ಕಾಲ್ ಹೋಗೋ ಹಾಗೆ ಮಾಡೋದು ಇನ್ನೊಂದು ಯುದ್ಧ. ಲಾಗ್‌ಕ್ಯಾಟ್‌ನಲ್ಲಿ ಫೋನಿನ ಎರರ್ ಸಾಲುಗಳನ್ನ ನೋಡ್ತಾ ನೋಡ್ತಾ ಬೆಳಕು ಹರಿಯೋದು ಇದಕ್ಕೇ. ಇಷ್ಟೆಲ್ಲಾ ಮಾಡಿದವರನ್ನ ಯಾವಾಗ ಬರತ್ತೆ (ಇಟಿಎ) ಅಂತ ಕೇಳ್ಬಾರ್ದು ಅನ್ನೋದು ನಮ್ಮಲ್ಲಿ ಮೊದಲಿಂದ ಬಂದಿರೋ ಮರ್ಯಾದೆ, ಅದನ್ನ ಹೊಸಬರಿಗೆ ಹೇಳ್ಕೊಡ್ತಾ ಇರ್ತೀವಿ, ಯಾಕಂದ್ರೆ ಪುಕ್ಕಟೆ ದುಡಿಯೋರ ಮೇಲೆ ಗಡುವು ಹೇರೋಕೆ ಯಾರಿಗೂ ಹಕ್ಕಿಲ್ಲ. 2009ರಲ್ಲಿ ವಿಂಡೋಸ್ ಮೊಬೈಲ್ 6.5 ಜೊತೆ ಬಂದ ಎಚ್‌ಟಿಸಿ ಎಚ್‌ಡಿ2 ಮೇಲೆ ಆಂಡ್ರಾಯ್ಡ್, ವಿಂಡೋಸ್ ಫೋನ್ 7, ಉಬುಂಟು ಎಲ್ಲಾ ಓಡಿಸಿದವರು ಇಂಥವರೇ. ಫೋನ್‌ಗಳಿಗೆ ಲಿನಕ್ಸ್ ತರೋ, 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಓಎಸ್‌ನವರಂತೂ ಒಂದು ಫೋನಿಗೆ ಹತ್ತು ವರ್ಷ ಆಯಸ್ಸು ಕೊಡ್ಬೇಕು ಅನ್ನೋದನ್ನೇ ಗುರಿ ಇಟ್ಕೊಂಡಿದಾರೆ. ಜನ ಇದಾರೆ, ಮನಸ್ಸಿದೆ, ಬುದ್ಧಿ ಇದೆ. ಅಡ್ಡ ಇರೋದು ನಿಮ್ಮ ಬೀಗ ಒಂದೇ.

ಹಾಗಾಗಿ ಅನ್‌ಲಾಕ್ ಜೊತೆ ಇನ್ನೊಂದನ್ನೂ ಕೇಳ್ತೀನಿ. ಕರ್ನಲ್ ಸೋರ್ಸ್ ಕೊಡೋದು ಹೇಗೂ ಲೈಸೆನ್ಸ್ ಪ್ರಕಾರ ನಿಮ್ಮ ಜವಾಬ್ದಾರಿ, ಆದ್ರೆ ಕೊಡೋ ಸೋರ್ಸ್ ನಿಮ್ಮ ಫೋನಲ್ಲಿ ಓಡ್ತಿರೋ ಕರ್ನಲ್‌ನದ್ದೇ ಆಗಿರ್ಲಿ, ಬಿಲ್ಡ್ ಆಗೋ ಹಾಗಿರ್ಲಿ, ಯಾವ ಕಂಪೈಲರ್, ಯಾವ ಕಾನ್ಫಿಗ್ ಅಂತ ಒಂದು ಪುಟ ಬರೆದಿಡಿ. ನಿಮ್ಮ ಎಂಜಿನಿಯರ್‌ಗೆ ಇದು ಚಿಕ್ಕ ಕೆಲಸ, ನಮಗೆ ತಿಂಗಳುಗಟ್ಲೆ ಒದ್ದಾಟ ತಪ್ಪತ್ತೆ.

ಪಿಸಿ ನೋಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತು, ವಿಂಡೋಸ್ 11ಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಭಾಗ ಬೇಕು, ಇಂಟೆಲ್ ಆದ್ರೆ ಹೆಚ್ಚುಕಮ್ಮಿ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು, ಹಂಗಾಗಿ ಎಷ್ಟೋ ಒಳ್ಳೇ ಲ್ಯಾಪ್‌ಟಾಪ್‌ಗಳು ಹೊರಗುಳಿದ್ವು. ಅದರ ಬಗ್ಗೆ ನನಗೆ ಸಿಟ್ಟಿದೆ, ಆದ್ರೆ ಆ ಲ್ಯಾಪ್‌ಟಾಪ್ ಇಟ್ಕೊಂಡಿರೋರಿಗೆ ಒಂದು ದಾರಿಯಂತೂ ಇದೆ, ಪೆನ್‌ಡ್ರೈವ್‌ನಲ್ಲಿ ಲಿನಕ್ಸ್ ಹಾಕಿ ಒಂದು ಮಧ್ಯಾಹ್ನದೊಳಗೆ ಮತ್ತೆ ಬಳಸೋಕೆ ಶುರು ಮಾಡಬಹುದು. ಈ ದಾರಿ ತಾನಾಗೇ ಉಳಿದಿದ್ದಲ್ಲ. 2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ (ಪಿಸಿಗಳಲ್ಲಿನ ಇಂಥದ್ದೇ ಸಹಿ ಬೀಗ) ಬಂದಾಗ ಆಸಕ್ತರು, ಲಿನಕ್ಸ್‌ನವರು ಜೋರಾಗಿ ದನಿ ಎತ್ತಿದ್ರು. ಕೊನೆಗೆ ಮೈಕ್ರೋಸಾಫ್ಟ್‌ನ ಸರ್ಟಿಫಿಕೇಶನ್ ನಿಯಮದಲ್ಲಿ ಎಕ್ಸ್86 (ಇಂಟೆಲ್, ಎಎಂಡಿ ಚಿಪ್‌ನ) ಪಿಸಿಗಳಲ್ಲಿ ಮಾಲೀಕರು ಸೆಕ್ಯೂರ್ ಬೂಟ್ ಆಫ್ ಮಾಡೋ ಹಾಗೆ, ತಮ್ಮ ಕೀ ಸೇರಿಸೋ ಹಾಗೆ ಇರ್ಲೇಬೇಕು ಅಂತ ಇತ್ತು. ಅದೇ ನಿಯಮದಲ್ಲಿ ಎಆರ್‌ಎಂ ಚಿಪ್ ಇರೋ ಡಿವೈಸ್‌ಗಳಲ್ಲಿ ಆಫ್ ಮಾಡೋ ಅವಕಾಶ ಇರ್ಲೇಬಾರ್ದು ಅಂತಾನೂ ಇತ್ತು. ಅದೇ ವರ್ಷ ಎಆರ್‌ಎಂ ಚಿಪ್‌ನಲ್ಲಿ ಬಂದ ಮೈಕ್ರೋಸಾಫ್ಟ್‌ನ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ಗಳ ಗತಿ ಏನಾಯ್ತು, ಅದೇ ಕಾಲದ ಸಾಧಾರಣ ಎಕ್ಸ್86 ಲ್ಯಾಪ್‌ಟಾಪ್‌ಗಳ ಗತಿ ಏನಾಯ್ತು, ಹೋಲಿಸಿ ನೋಡಿ. ಲ್ಯಾಪ್‌ಟಾಪ್ ಇವತ್ತಿಗೂ ಹೊಸ ಬ್ರೌಸರ್ ಓಡಿಸತ್ತೆ. ಆರ್‌ಟಿ ಟ್ಯಾಬ್ಲೆಟ್‌ನಲ್ಲಿ ಬೇರೆ ಓಎಸ್ ಹಾಕ್ಬೇಕು ಅಂದ್ರೆ ಸೆಕ್ಯೂರ್ ಬೂಟ್‌ನಲ್ಲಿರೋ ತೂತನ್ನ ಹುಡುಕ್ಕೊಂಡು ಹೋಗ್ಬೇಕು.

ತೂತು ಅಂದಿದ್ದಕ್ಕೆ ಇನ್ನೊಂದು ವಿಷ್ಯ, ನಿಮ್ಮ ಸೆಕ್ಯುರಿಟಿ ಟೀಮ್‌ನವರು ಇದನ್ನ ಯೋಚನೆ ಮಾಡ್ಲೇಬೇಕು. ಬಾಗಿಲು ಮುಚ್ಚಿದ್ರೆ ಆಸಕ್ತರು ಸುಮ್ಮನೆ ಕೂರಲ್ಲ, ಕಿಟಕಿ ಹುಡುಕ್ತಾರೆ. ಸೋನಿಯ ಗೇಮ್ ಕನ್ಸೋಲ್ ಪಿಎಸ್3 2006ರಲ್ಲಿ ಬಂದಾಗ ಅದರ ಮೇಲೆ ಲಿನಕ್ಸ್ ಹಾಕೋಕೆ ಸೋನಿನೇ ಅದರ್ ಓಎಸ್ ಅಂತ ಆಪ್ಶನ್ ಕೊಟ್ಟಿತ್ತು, ಅಮೆರಿಕದ ವಾಯುಪಡೆಯವರು 1,700ಕ್ಕೂ ಹೆಚ್ಚು ಪಿಎಸ್3 ಜೋಡಿಸಿ ಸೂಪರ್‌ಕಂಪ್ಯೂಟರ್ ಮಾಡ್ಕೊಂಡಿದ್ರು. 2010ರ ಏಪ್ರಿಲ್ 1ಕ್ಕೆ ಬಂದ 3.21 ಫರ್ಮ್‌ವೇರ್ ಆ ಆಪ್ಶನ್ನನ್ನ ಕಿತ್ತು ಹಾಕ್ತು. ಅದೇ ಡಿಸೆಂಬರ್‌ನಲ್ಲಿ ಫೇಲ್‌ಓವರ್‌ಫ್ಲೋ ಅನ್ನೋ ತಂಡ ಸೋನಿ ಸಹಿ ಹಾಕುವಾಗ ಪ್ರತಿ ಸಲ ಬೇರೆ ಇರ್ಬೇಕಾದ ರ‍್ಯಾಂಡಮ್ ನಂಬರನ್ನ ಒಂದೇ ಇಟ್ಟಿದೆ, ಅದರಿಂದ ಪ್ರೈವೇಟ್ ಕೀನೇ ಲೆಕ್ಕ ಹಾಕಿ ತೆಗೀಬಹುದು ಅಂತ ಎಲ್ಲರ ಮುಂದೆ ತೋರಿಸ್ತು. ಲಿನಕ್ಸ್‌ಗೆ ಜಾಗ ಇದ್ದಷ್ಟು ದಿನ ಪಿಎಸ್3 ಮುರಿಯೋಕೆ ಸಮರ್ಥರಿಗೆ ಅಂಥ ಆಸಕ್ತಿ ಇರ್ಲಿಲ್ಲ ಅನ್ನೋದು ಆ ತಂಡದ ವಾದ, ನನಗೂ ಅದು ಸರಿ ಅನ್ಸತ್ತೆ. ಇವತ್ತಿನ ಪರಿಸ್ಥಿತೀಲಿ ಬೂಟ್‌ಲೋಡರ್‌ನಲ್ಲಿ ತೂತು ಕಂಡವರಿಗೆ ಒಂದು ಇಕ್ಕಟ್ಟು, ನಿಮಗೆ ರಿಪೋರ್ಟ್ ಮಾಡಿದ್ರೆ ನೀವು ಮುಚ್ತೀರಿ, ಆಗ ಅನ್‌ಲಾಕ್ ಮಾಡೋ ಒಂದೇ ದಾರಿನೂ ಹೋಗತ್ತೆ, ಅದಕ್ಕೆ ಕೆಲವರು ಹೇಳದೆ ಇಟ್ಕೊಳ್ತಾರೆ. ಸರಿಯಾದ ಬಾಗಿಲು ಕೊಟ್ರೆ ಅವರು ಖುಷಿಯಾಗಿ ನಿಮಗೇ ಬಂದು ಹೇಳ್ತಾರೆ.

ರೇಡಿಯೋ ಕಾನೂನು ಇದೆ, ಬೇರೆ ಸಾಫ್ಟ್‌ವೇರ್ ಹಾಕಿದ್ರೆ ಸಿಗ್ನಲ್ ಪವರ್ ಹೆಚ್ಚು ಮಾಡ್ಬಿಡ್ತಾರೆ ಅಂತ ಒಂದು ಆಕ್ಷೇಪ ಯಾವಾಗ್ಲೂ ಬರತ್ತೆ. ಫೋನಲ್ಲಿ ಮೋಡೆಮ್‌ಗೆ ಅದರದ್ದೇ ಬೇರೆ ಫರ್ಮ್‌ವೇರ್, ಅದರದ್ದೇ ಬೇರೆ ಸಹಿ, ಬೂಟ್‌ಲೋಡರ್ ಅನ್‌ಲಾಕ್ ಮಾಡಿದ ಮಾತ್ರಕ್ಕೆ ಅದು ತೆರೆಯಲ್ಲ. ರೌಟರ್ ವಿಷ್ಯದಲ್ಲಿ 2016ರಲ್ಲಿ ಅಮೆರಿಕದ ರೇಡಿಯೋ ನಿಯಮ ನೋಡ್ಕೊಳ್ಳೋ ಎಫ್‌ಸಿಸಿ, ರೌಟರ್ ಕಂಪನಿ ಟಿಪಿ-ಲಿಂಕ್ ಜೊತೆ ಮಾಡ್ಕೊಂಡ ಒಪ್ಪಂದದಲ್ಲೇ ಹೊರಗಿನವರ ಫರ್ಮ್‌ವೇರ್‌ಗೆ ಅವಕಾಶ ಕೊಡೋ ದಾರಿ ಹುಡುಕಿ ಅಂತ ಬರೆಸಿತ್ತು, ಅಂದ್ರೆ ಕಾನೂನು ನೋಡ್ಕೊಳ್ಳೋರಿಗೇ ಇದು ಬೇಕಿತ್ತು. ಡಿಆರ್‌ಎಂ (ಸಿನಿಮಾ, ಹಾಡು ಕಾಪಿ ಆಗದ ಹಾಗೆ ತಡೆಯೋ) ಕೀಗಳ ಭಯ ಇದ್ರೆ ಅನ್‌ಲಾಕ್ ಆಗುವಾಗ ಅವನ್ನ ಅಳಿಸಿ, ಎಕ್ಸ್‌ಪೀರಿಯಾ ಫೋನ್‌ಗಳಲ್ಲಿ ಸೋನಿ ಹಾಗೇ ಮಾಡ್ತಿತ್ತು, ಮೊದಲೇ ಹೇಳಿ ಮಾಡ್ತಿತ್ತು, ಯಾರಿಗೂ ಮೋಸ ಇಲ್ಲ. ವಾರಂಟಿ ಮಾತಂತೂ ಬರೋದೇ ಇಲ್ಲ, ಸಪೋರ್ಟ್ ಮುಗಿಯೋ ಹೊತ್ತಿಗೆ ಅದು ಯಾವತ್ತೋ ಮುಗಿದಿರತ್ತೆ. ಹಳೇದು ಓಡ್ತಾ ಇದ್ರೆ ಹೊಸದು ಯಾರು ತಗೊಳ್ತಾರೆ ಅನ್ನೋ ಆಕ್ಷೇಪನ ನೀವು ಬಾಯಿ ಬಿಟ್ಟು ಹೇಳಲ್ಲ, ಆದ್ರೆ ಒಳಗೊಳಗೆ ಅದೇ ದೊಡ್ಡದು ಅಂತ ನನಗನ್ಸತ್ತೆ. ವಿಶ್ವಸಂಸ್ಥೆ ಕಡೆಯವರ ಇ-ತ್ಯಾಜ್ಯ ವರದಿ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್, ಸರಿಯಾಗಿ ಸಂಗ್ರಹಿಸಿ ಮರುಬಳಕೆ ಮಾಡಿದ್ದಕ್ಕೆ ದಾಖಲೆ ಇರೋದು ಶೇ. 22.3ಕ್ಕೆ ಮಾತ್ರ. ಕೆಲಸ ಮಾಡೋ ಸಾಮಾನನ್ನ ಕಸಕ್ಕೆ ಕಳಿಸಿ ಬರೋ ವ್ಯಾಪಾರ ಮಾಡೋಕೆ ಹೊರಟ್ರೆ ಅದನ್ನ ನಾವು ಒಪ್ಪಲ್ಲ.

ಬ್ಯಾಂಕ್ ಆ್ಯಪ್ ಮಾಡೋರಿಗೂ, ಗೂಗಲ್‌ಗೂ ಇಲ್ಲೇ ಒಂದು ಮಾತು. ವರ್ಷಗಟ್ಲೆಯಿಂದ ಒಂದು ಸೆಕ್ಯುರಿಟಿ ಪ್ಯಾಚ್ ಕಾಣದ ಲಾಕ್ ಆಗಿರೋ ಫೋನು, ಡಿವೈಸ್ ನಂಬಬಹುದಾ ಅಂತ ಆ್ಯಪ್‌ಗಳಿಗೆ ಹೇಳೋ ಗೂಗಲ್‌ನ ಪ್ಲೇ ಇಂಟೆಗ್ರಿಟಿಯ ಮಾಮೂಲಿ ಪರೀಕ್ಷೇಲಿ ಪಾಸಾಗತ್ತೆ, ಈ ತಿಂಗಳ ಪ್ಯಾಚ್ ಇರೋ ಕಸ್ಟಮ್ ರಾಮ್ ಫೇಲಾಗತ್ತೆ. ಇದು ಸೆಕ್ಯುರಿಟಿ ಅಳೆಯೋ ರೀತಿ ಅಲ್ಲ. ಹಾರ್ಡ್‌ವೇರ್ ಅಟೆಸ್ಟೇಶನ್‌ನಲ್ಲಿ (ಫೋನಿನ ಹಾರ್ಡ್‌ವೇರೇ ಸಹಿ ಹಾಕಿ ಕೊಡೋ ಪ್ರಮಾಣಪತ್ರದಲ್ಲಿ) ಯಾವ ಕೀ ಇಂದ ಬೂಟ್ ಆಗಿದೆ, ಪ್ಯಾಚ್ ಯಾವ ತಿಂಗಳದ್ದು ಅನ್ನೋದು ಸಿಗತ್ತೆ, ಅದನ್ನ ನೋಡಿ ನಿರ್ಧಾರ ಮಾಡಿ. ಅನ್‌ಲಾಕ್ ಕೊಟ್ಟೂ ಬ್ಯಾಂಕ್ ಆ್ಯಪ್ ಓಡದ ಹಾಗೆ ಮಾಡಿದ್ರೆ ಹೆಚ್ಚಿನ ಜನಕ್ಕೆ ಆ ಅನ್‌ಲಾಕ್ ಉಪಯೋಗಕ್ಕೆ ಬರಲ್ಲ.

ಕ್ಲೌಡ್ ಇಲ್ದೆ ಓಡದ ಗ್ಯಾಜೆಟ್‌ಗಳದ್ದು ಇನ್ನೂ ಬೇಜಾರಿನ ಕಥೆ. ರಿವಾಲ್ವ್ ಅನ್ನೋ ಸ್ಮಾರ್ಟ್ ಹೋಮ್ ಹಬ್ ಕಂಪನಿನ ಗೂಗಲ್ ಬಳಗದ ನೆಸ್ಟ್ ಕೊಂಡ್ಕೊಂಡು 2016ರ ಮೇನಲ್ಲಿ ಸರ್ವರ್ ನಿಲ್ಲಿಸ್ತು, ಮನೇಲಿ ಗೋಡೆ ಪಕ್ಕ ಇದ್ದ ಹಬ್‌ಗಳು ಒಂದೇ ದಿನದಲ್ಲಿ ಸತ್ತುಹೋದ್ವು. ಆದ್ರೆ ಚೆನ್ನಾಗಿ ಮುಗಿಸಿದ ಉದಾಹರಣೆನೂ ಅದೇ ಗೂಗಲ್ ಮನೆಯಿಂದ ಇದೆ, 2023ರ ಜನವರಿ 18ಕ್ಕೆ ಸ್ಟೇಡಿಯಾ ಅನ್ನೋ ಆನ್‌ಲೈನ್ ಗೇಮ್ ಸೇವೆ ಮುಚ್ಚುವಾಗ ಅದರ ಕಂಟ್ರೋಲರ್‌ಗೆ ಬ್ಲೂಟೂತ್ ತೆರೆಯೋ ಫರ್ಮ್‌ವೇರ್ ಕೊಟ್ರು, ಇವತ್ತಿಗೂ ಜನ ಅದರಲ್ಲಿ ಬೇರೆ ಬೇರೆ ಗೇಮ್ ಆಡ್ತಿದಾರೆ. ಪೆಬಲ್ ವಾಚ್ ಗೊತ್ತಲ್ಲ, 2016ರ ಕೊನೇಲಿ ಕಂಪನಿ ಮುಚ್ತು, ಆಸಕ್ತರೇ ಸೇರಿ ರೆಬಲ್ ಅಂತ ಮಾಡಿ ಆ್ಯಪ್ ಸ್ಟೋರು, ಹವಾಮಾನ ಎಲ್ಲಾ ಮತ್ತೆ ನಡೆಸಿದ್ರು. ಪೆಬಲ್ ಸಾಫ್ಟ್‌ವೇರ್ ಫಿಟ್‌ಬಿಟ್ ಮೂಲಕ ಗೂಗಲ್ ಕೈ ಸೇರಿತ್ತು, 2025ರ ಜನವರಿಲಿ ಗೂಗಲ್ ಪೆಬಲ್ ಓಎಸ್ ಸೋರ್ಸ್ ಬಿಡ್ತು, ಅದರ ಮೇಲೆ ಹೊಸ ವಾಚ್‌ಗಳೇ ಬಂದ್ವು. ಬಿಡೋದು ಸಾಧ್ಯ ಇತ್ತು ಅಂದ್ಮೇಲೆ ಮೊದಲೇ ಬಿಡಬಹುದಿತ್ತು, ನಡುವಿನ ಎಂಟು ವರ್ಷ ಆ ಜನ ಸೋರ್ಸ್ ಇಲ್ದೆ ಒದ್ದಾಡ್ಬೇಕಾಯ್ತು ಅನ್ನೋದು ನನಗೆ ಬೇಜಾರು.

ಒಳ್ಳೇದು ಆಗಿರೋದನ್ನೂ ಹೇಳ್ಬೇಕು. 2023ರ ಪಿಕ್ಸೆಲ್ 8, 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಅಂತ ಹೇಳೋಕೆ ಶುರು ಮಾಡಿದೀರಿ, ಯುರೋಪಿಯನ್ ಯೂನಿಯನ್‌ನಲ್ಲಿ 2025ರ ಜೂನ್ 20ರಿಂದ ಬಂದ ನಿಯಮ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಓಎಸ್ ಅಪ್‌ಡೇಟ್ ಸಿಗ್ಬೇಕು ಅನ್ನತ್ತೆ. ಇದಕ್ಕೆ ಮನಸ್ಸಾರೆ ಧನ್ಯವಾದ. ಆದ್ರೆ ಏಳು ವರ್ಷ ಆದ್ಮೇಲೂ ಎಂಟನೇ ವರ್ಷ ಅಂತ ಒಂದು ಬಂದೇ ಬರತ್ತೆ, ಅದೇ ಹೊತ್ತಲ್ಲಿ ಮೊದಲು ಅನ್‌ಲಾಕ್ ಕೊಡ್ತಿದ್ದ ಕಡೆನೂ ಆಪ್ಶನ್ ಮಾಯ ಆಗ್ತಿದೆ, 2025ರಲ್ಲಿ ಸ್ಯಾಮ್‌ಸಂಗ್ ಫೋನ್‌ಗಳ ಸಾಫ್ಟ್‌ವೇರ್ ಒನ್ ಯುಐ 8 ಬಂದಾಗ ಒಇಎಂ ಅನ್‌ಲಾಕ್ ಕಾಣೆಯಾಗಿದ್ದನ್ನ ನೋಡಿದ್ವಿ. ಅಪ್‌ಡೇಟ್ ಅವಧಿ ಉದ್ದ ಆಯ್ತು ಅನ್ನೋದು ಬೀಗ ಬಿಗಿ ಮಾಡೋಕೆ ನೆಪ ಆಗ್ಬಾರ್ದು.

ಒಪ್ಪೋದಾದ್ರೆ ಹೀಗೆ ಮಾಡಿ. ಪ್ರತಿ ಮಾಡೆಲ್‌ನ ಪುಟದಲ್ಲಿ, ಅಪ್‌ಡೇಟ್ ಇಂಥ ದಿನಾಂಕದ ತನಕ ಅಂತ ಹಾಕೋ ಜಾಗದ ಪಕ್ಕದಲ್ಲೇ, ಆ ದಿನ ಈ ಡಿವೈಸ್ ಸರ್ವರ್ ಇಲ್ದೆ ಅನ್‌ಲಾಕ್ ಆಗೋ ಹಾಗೆ ಕೊನೇ ಅಪ್‌ಡೇಟ್ ಕೊಡ್ತೀವಿ, ಬಿಲ್ಡ್ ಆಗೋ ಸೋರ್ಸ್ ಕೊಡ್ತೀವಿ, ಕ್ಲೌಡ್ ಬೇಕಾದ ಸಾಮಾನಾದ್ರೆ ಲೋಕಲ್ ನೆಟ್‌ವರ್ಕ್‌ನಲ್ಲೇ ಓಡೋ ಮೋಡ್ ಕೊಡ್ತೀವಿ ಅಂತ ಬರೀರಿ. ಈಗಾಗ್ಲೇ ಸಪೋರ್ಟ್ ಮುಗಿದಿರೋ ಮಾಡೆಲ್‌ಗಳಲ್ಲಿ ಸಹಿ ಹಾಕೋ ಕೀ ಇನ್ನೂ ನಿಮ್ಮತ್ರ ಇದ್ರೆ ಅವಕ್ಕೂ ಒಂದು ಅನ್‌ಲಾಕ್ ಬಿಲ್ಡ್ ಮಾಡಿ ಹಾಕಿ. ಉತ್ತರ ಕೊಡೋದಾದ್ರೆ ಒಬ್ಬೊಬ್ಬರಿಗೆ ಖಾಸಗಿಯಾಗಿ ಬೇಡ, ಎಲ್ಲರಿಗೂ ಕಾಣೋ ಹಾಗೆ, ಮಾಡೆಲ್ ನಂಬರ್ ಸಮೇತ ಕೊಡಿ. ನಿಮ್ಮ ಮೊದಲ ಬಿಲ್ಡ್ ಬಂದ ದಿನ ಟೆಸ್ಟ್ ಮಾಡೋಕೆ, ಬಗ್ ಬರೆದು ಕಳಿಸೋಕೆ, ಡಾಕ್ಯುಮೆಂಟ್ ಬರೆಯೋಕೆ ನಾವು ಎಷ್ಟೋ ಜನ ತಯಾರಿದೀವಿ, ನಾನೂ ಒಬ್ಬ.

ಇಂತಿ,
ನಿಮ್ಮ ಹಳೇ ಮಾಡೆಲ್‌ಗಳನ್ನ ಇನ್ನೂ ಬಳಸ್ತಿರೋ ಒಬ್ಬ ಗ್ರಾಹಕ